ಸೆನ್ಸಾರ್ ಬಿಚ್ಚಿ ಕಾರ್ಬೊರೇಟರ್ ಕೂರಿಸಬೇಕೆ?

ಹೆತ್ತೂರು, ಹೊಂಗಡಹಳ್ಳ, ಬಿಸಿಲೆ ಕಡೆಯಿಂದ ಕೆಟ್ಟ ಬೈಕನ್ನು ಪಿಕಪ್‌ನಲ್ಲಿ ಹೇರಿಕೊಂಡು ಸಕಲೇಶಪುರಕ್ಕೆ ತಂದವರು ಗಾಡಿ ಇಳಿಸುವ ಮೊದಲೇ ಮೆಕ್ಯಾನಿಕ್‌ಗೆ ಒಂದು ಮಾತು ಹೇಳುವುದುಂಟು: “ಅಣ್ಣಾ, ಈ ಸೆನ್ಸಾರ್ ಸಾವಾಸನೇ ಬೇಡ. ಎಲ್ಲಾ ಕಿತ್ತಾಕಿ ಕಾರ್ಬೇಟರ್ ಕೂರ್ಸಿ ಕೊಡಿ.” ಅನುಭವ ಇರುವ ಮೆಕ್ಯಾನಿಕ್ ಆದರೆ ಉತ್ತರ ಹೀಗಿರುತ್ತದೆ: “ಕೂರ್ಸೋದು ದೊಡ್ಡ ವಿಷ್ಯ ಅಲ್ಲ ಕಣಪ್ಪ. ಕೂರ್ಸಿದ್ ಮೇಲೆ ಸ್ಪಾರ್ಕ್ ಯಾರು ಕೊಡ್ತಾರೆ?”

ಈ ಎರಡು ಮಾತುಗಳಲ್ಲಿ ಯಾವುದನ್ನೂ ತಳ್ಳಿಹಾಕುವಂತಿಲ್ಲ. ಮೊದಲಿನದರ ಹಿಂದೆ ಘಟ್ಟದಂಚಿನ ಜನ ದಿನವೂ ಅನುಭವಿಸುವ ಕಷ್ಟವಿದೆ, ಎರಡನೆಯದರಲ್ಲಿ ಯಂತ್ರದ ನಿಜವಿದೆ.

2020ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆ ಬಿಎಸ್6 ಹೊಗೆ ನಿಯಮ ಕಡ್ಡಾಯವಾಯಿತು. ಅಲ್ಲಿಯವರೆಗೆ ಹೆಚ್ಚಾಗಿ ದುಬಾರಿ ಬೈಕುಗಳಲ್ಲಿ ಕಾಣುತ್ತಿದ್ದ, ಸೆನ್ಸಾರ್‌ಗಳ ಲೆಕ್ಕದ ಮೇಲೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್, ಹಾಲಿನ ಕ್ಯಾನು ಹೊರುವ ಸ್ಪ್ಲೆಂಡರ್‌ಗೂ ಬಂತು. ಪಟ್ಟಣದವರಿಗೆ ಇದು ಗೊತ್ತೇ ಆಗಲಿಲ್ಲ. ಬೆಳಿಗ್ಗೆ ಬಟನ್ ಒತ್ತಿದರೆ ಗಾಡಿ ಸ್ಟಾರ್ಟ್ ಆಗುತ್ತದೆ, ಚೋಕ್ ಎಳೆಯುವ ಕೆಲಸವೂ ಇಲ್ಲ. ವ್ಯತ್ಯಾಸ ತಿಳಿದದ್ದು ಗಾಡಿ ಕೆಟ್ಟರೆ ಎಳೆದು ತರಬೇಕಾದ ಊರುಗಳಿಗೆ.

ಹೊಂಗಡಹಳ್ಳ ಅಂಥ ಊರು. ಕಾಫಿ ಏಲಕ್ಕಿ ತೋಟಗಳ ನಡುವೆ ಚದುರಿದ ಮನೆಗಳು, ಮಗ್ಗುಲಲ್ಲೇ ಮಳೆಕಾಡು, ಊರಿನ ಹೆಸರನ್ನೇ ಹೊತ್ತು ಗುಂಡ್ಯ ಹೊಳೆಯ ಕಡೆಗೆ ಇಳಿಯುವ ಹಳ್ಳ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಸುಲಭಕ್ಕೆ ಬಿಡುವುದಿಲ್ಲ. ಕರೆಂಟು ಹೋದರೆ ಯಾವಾಗ ಬರುತ್ತದೋ ಹೇಳುವಂತಿಲ್ಲ. ಕತ್ತಲಾದ ಮೇಲೆ ದಾರಿ ಆನೆಗಳದ್ದು. 2023ರ ಡಿಸೆಂಬರ್‌ನಲ್ಲಿ ಮೈಸೂರು ದಸರೆಯ ಅಂಬಾರಿ ಹೊತ್ತಿದ್ದ ಅರ್ಜುನನೇ ಕಾಡಾನೆಯ ಎದುರು ಪ್ರಾಣ ಬಿಟ್ಟದ್ದು ಇದೇ ಸಕಲೇಶಪುರ ತಾಲ್ಲೂಕಿನ ಯಸಳೂರು ಕಾಡಿನಲ್ಲಿ. ಇಂಥ ದಾರಿಯಲ್ಲಿ ಸಂಜೆ ಏಳರ ಹೊತ್ತಿಗೆ ಗಾಡಿ ನಿಂತುಹೋದವನಿಗೆ ಬೈಕ್ ರಿಪೇರಿ ಎಂಬುದು ಜೀವದ ಪ್ರಶ್ನೆಯೇ ಆಗುತ್ತದೆ.

ಆದ್ದರಿಂದ ಕಾರ್ಬೊರೇಟರ್ ಬೇಕು ಎನ್ನುವವರ ವಾದವನ್ನು ಹಳೆಯದರ ಮೇಲಿನ ವ್ಯಾಮೋಹ ಎಂದು ಬದಿಗಿಡುವುದು ಅನ್ಯಾಯ. ಅವರು ಹೇಳುವುದು ಇಷ್ಟು: ಕಾರ್ಬೊರೇಟರ್ ಕೆಟ್ಟರೆ ಎಲ್ಲಿ ಕೆಟ್ಟಿದೆ ಎಂದು ಕಣ್ಣಿಗೆ ಕಾಣುತ್ತದೆ. ಪೆಟ್ರೋಲಿಗೆ ನೀರು ಸೇರಿದರೆ ಬೌಲ್‌ನ ಅಡಿಯ ಸ್ಕ್ರೂ ಸಡಿಲಿಸಿ ಬಸಿದರಾಯಿತು. ಕಸ ಕಟ್ಟಿಕೊಂಡರೆ ಜೆಟ್ ಬಿಚ್ಚಿ ಬಾಯಲ್ಲಿ ಊದಿ ಮತ್ತೆ ಹಾಕಬಹುದು. ಒಂದು ಸ್ಕ್ರೂಡ್ರೈವರ್, ಒಂದು ಹತ್ತರ ಸ್ಪ್ಯಾನರ್, ಮಳೆಗೆ ಮರೆಯಾಗಲು ಒಂದು ಬಸ್ ತಂಗುದಾಣ ಇದ್ದರೆ ಸಾಕು. ಬ್ಯಾಟರಿ ಪೂರ್ತಿ ಸತ್ತಿದ್ದರೂ ಆ ಕಾಲದ ಬಹಳಷ್ಟು ಗಾಡಿಗಳು ಕಿಕ್ಕಿಗೆ ಸ್ಟಾರ್ಟ್ ಆಗುತ್ತವೆ, ಇಲ್ಲವೇ ಇಳಿಜಾರಿನಲ್ಲಿ ಬಿಟ್ಟು ಗೇರಿಗೆ ಹಾಕಿದರೆ ಆಗುತ್ತವೆ.

ಇಂಜೆಕ್ಷನ್ ಗಾಡಿಯ ಕಥೆ ಬೇರೆ. ಪೆಟ್ರೋಲ್ ಟ್ಯಾಂಕಿನೊಳಗೆ ಒಂದು ವಿದ್ಯುತ್ ಪಂಪ್ ಕೂತಿರುತ್ತದೆ. ಅದು ಪೆಟ್ರೋಲನ್ನು ಸುಮಾರು ಮೂರು ಬಾರ್ ಒತ್ತಡದಲ್ಲಿ ಇಂಜೆಕ್ಟರ್‌ಗೆ ತಳ್ಳಬೇಕು. ಬ್ಯಾಟರಿ ಪೂರ್ತಿ ಇಳಿದರೆ ಸಾಮಾನ್ಯವಾಗಿ ಪಂಪ್ ತಿರುಗುವುದಿಲ್ಲ. ಪಂಪ್ ತಿರುಗದಿದ್ದರೆ ಎಷ್ಟು ತಳ್ಳಿದರೂ ಗಾಡಿ ಕೆಮ್ಮುವುದೂ ಇಲ್ಲ. ಮಳೆಗಾಲದಲ್ಲಿ ಎರಡು ವಾರ ನಿಲ್ಲಿಸಿದ ಗಾಡಿಯ ವೈರನ್ನು ಇಲಿ ಕಡಿದಿರುತ್ತದೆ, ಕನೆಕ್ಟರಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿರುತ್ತದೆ. ಪೆಟ್ಟಿಗೆ ಅಂಗಡಿಯ ಬಾಟಲಿ ಪೆಟ್ರೋಲ್ ಕುಡಿಸಿದರೆ ಅದರ ಕಸ, ನೀರು ನೇರ ಪಂಪಿನ ಬಾಯಿಗೆ ಹೋಗುತ್ತದೆ. ಪಂಪ್ ಹೋದರೆ ಅದರ ಸೆಟ್ಟಿಗೆ ಕೊಡುವ ದುಡ್ಡಿನಲ್ಲಿ ಕಾರ್ಬೊರೇಟರಿನ ರಿಪೇರಿ ಕಿಟ್ಟುಗಳನ್ನು ಹತ್ತಾರು ತರಬಹುದು. ಮೀಟರಿನಲ್ಲಿ ಹಳದಿ ದೀಪ ಹತ್ತಿತು ಎಂದರೆ ಅದಕ್ಕೆ ಕಾರಣ ಓದುವ ಸ್ಕ್ಯಾನರ್ ಇರುವುದು ಶೋರೂಮಿನಲ್ಲಿ. ಒಂದು ದಿನದ ಕೂಲಿ, ಪಿಕಪ್ ಬಾಡಿಗೆ, ಮೇಲೆ ಬಿಲ್ಲು. ಕಾಫಿ ಕೊಯ್ಲಿನ ಸಮಯದಲ್ಲಿ ಆ ಒಂದು ದಿನ ಹೋಗುವುದು ಸಣ್ಣ ಬೆಳೆಗಾರನಿಗೆ ಸಣ್ಣ ನಷ್ಟವೇನೂ ಅಲ್ಲ.

ಕಾರ್ಬೊರೇಟರ್ ಪಕ್ಷದವರಿಗೆ ಇತಿಹಾಸದಲ್ಲೂ ಒಂದು ಬಲವಾದ ಸಾಕ್ಷಿಯಿದೆ. ಬಜಾಜ್ ಕಂಪನಿ 2007ರಲ್ಲಿ ಪಲ್ಸರ್ 220 ಬೈಕನ್ನು ಇಂಜೆಕ್ಷನ್ನಿನೊಂದಿಗೆ ಮಾರುಕಟ್ಟೆಗೆ ಬಿಟ್ಟಿತು. ಎರಡೇ ವರ್ಷಕ್ಕೆ, 2009ರಲ್ಲಿ, ಇಂಜೆಕ್ಷನ್ ತೆಗೆದು ಕಾರ್ಬೊರೇಟರ್ ಹಾಕಿ ಅದೇ ಗಾಡಿಯನ್ನು ಕಡಿಮೆ ಬೆಲೆಗೆ ಮಾರಿತು. ಶಕ್ತಿ ಕಡಿಮೆಯಾಗಲಿಲ್ಲ. 20 ಪಿಎಸ್ ಇದ್ದದ್ದು 21ರ ಹತ್ತಿರಕ್ಕೆ ಬಂತು. ಹಳೆಯ ಇಂಜೆಕ್ಷನ್ ಮಾದರಿ ಕೊಂಡವರು ಬಿಡಿಭಾಗಕ್ಕಾಗಿ ಅಲೆಯತೊಡಗಿದಾಗ, ಕೊನೆಗೆ ಹಲವರು ತಮ್ಮ ಗಾಡಿಗೂ ಕಾರ್ಬೊರೇಟರ್ ಕೂರಿಸಿಕೊಂಡರು. ಕಂಪನಿಯೇ ತುಳಿದ ದಾರಿ ಅದು. ಸಣ್ಣ ಪಿನ್ನಿನಿಂದ ಹೊಸ ವೈರಿಂಗಿನವರೆಗೆ ಅಂಗಡಿಯಲ್ಲಿ ಸಾಮಾನು ಸಿಗುತ್ತಿತ್ತು, ಆ ಕಾಲದ ಹೊಗೆ ನಿಯಮವನ್ನೂ ಕಾರ್ಬೊರೇಟರ್ ಮಾದರಿ ದಾಟಿತ್ತು. ನನ್ನ ಪ್ರಕಾರ, ಆ ಹಳೆಯ ಗಾಡಿ ಇನ್ನೂ ಉಳಿಸಿಕೊಂಡವರು ಕಾರ್ಬೊರೇಟರಿಗೆ ಬದಲಿಸಿದ್ದರಲ್ಲಿ ಯಾವ ತಪ್ಪೂ ಇಲ್ಲ. ಬದಲಿಸದಿದ್ದರೆ ಒಳ್ಳೆಯ ಇಂಜಿನ್ ಗುಜರಿ ಸೇರುತ್ತಿತ್ತು.

ಆದರೆ ಇದೇ ಪಲ್ಸರ್ 220ಗೆ ಬಿಎಸ್6 ಬಂದ ಮೇಲೆ ಮತ್ತೆ ಇಂಜೆಕ್ಷನ್ ಕೂರಿಸಬೇಕಾಯಿತು. ರಾಯಲ್ ಎನ್‌ಫೀಲ್ಡ್ ಹಿಮಾಲಯನ್‌ದು ಇನ್ನೊಂದು ದಿಕ್ಕಿನ ಕಥೆ. 2016ರಲ್ಲಿ ಅದು ಕಾರ್ಬೊರೇಟರಿನೊಂದಿಗೇ ಬಂತು. ಮರುವರ್ಷ ಬಿಎಸ್4ಗೆ ಇಂಜೆಕ್ಷನ್ ಪಡೆಯಿತು. ಎರಡು ರೂಪದಲ್ಲೂ ಇದ್ದ ಗಾಡಿಯಾದ್ದರಿಂದ ಇದಕ್ಕೆ ಕಾರ್ಬೊರೇಟರ್ ಹಾಕಿಸುವ ಮಾತು ಬೆಟ್ಟ ಹತ್ತುವ ಹುಡುಗರ ನಡುವೆ ಆಗಾಗ ಏಳುತ್ತದೆ. ಅವರು ಒಂದು ವಿಷಯ ಮರೆಯುತ್ತಾರೆ. ಆ ಹಿಮಾಲಯನ್‌ಗೆ ಕಾರ್ಬೊರೇಟರ್ ಇದ್ದಾಗಲೂ ಕಿಕ್ಕರ್ ಇರಲಿಲ್ಲ. ಬ್ಯಾಟರಿ ಸತ್ತಾಗ ಒದ್ದು ಸ್ಟಾರ್ಟ್ ಮಾಡುವ ಆಸೆಯಿಂದ ಬದಲಿಸುವವರಿಗೆ ಆ ಆಸೆಯೇ ಈಡೇರುವುದಿಲ್ಲ.

ಈಗ ಮೆಕ್ಯಾನಿಕ್‌ನ ಪ್ರಶ್ನೆಗೆ ಬರೋಣ. ಸ್ಪಾರ್ಕ್ ಯಾರು ಕೊಡುತ್ತಾರೆ?

ಇಂಜೆಕ್ಷನ್ ಗಾಡಿಯಲ್ಲಿ ಇಸಿಯು ಎಂಬ ಪೆಟ್ಟಿಗೆ ಪೆಟ್ರೋಲ್ ಅಳೆದು ಕೊಡುವುದರ ಜೊತೆಗೆ ಸ್ಪಾರ್ಕ್ ಯಾವ ಕ್ಷಣದಲ್ಲಿ ಬೀಳಬೇಕೆಂದೂ ತೀರ್ಮಾನಿಸುತ್ತದೆ. ಅದಕ್ಕೆ ಕ್ರ್ಯಾಂಕ್ ಎಲ್ಲಿದೆ ಎಂಬ ಸುದ್ದಿ ಬೇಕು. ಮ್ಯಾಗ್ನೆಟ್ಟಿನ ಸುತ್ತ ಹಲವು ಹಲ್ಲುಗಳಿದ್ದು, ನಡುವೆ ಒಂದು ಕಡೆ ಖಾಲಿ ಬಿಟ್ಟಿರುತ್ತಾರೆ. ಆ ಖಾಲಿ ಜಾಗ ಸೆನ್ಸಾರ್ ಎದುರು ಹಾದುಹೋದಾಗ ಇಸಿಯುಗೆ ಲೆಕ್ಕ ಸಿಗುತ್ತದೆ. ಹಳೆಯ ಕಾರ್ಬೊರೇಟರ್ ಗಾಡಿಯಲ್ಲಿ ಸ್ಪಾರ್ಕ್ ಕೊಡುವ ಸಿಡಿಐ ಪೆಟ್ಟಿಗೆಗೆ ಈ ಭಾಷೆ ಬರುವುದಿಲ್ಲ. ಅದು ಸಾಮಾನ್ಯವಾಗಿ ಒಂದು ಸುತ್ತಿಗೆ ಒಂದೇ ಉಬ್ಬಿನ ಸನ್ನೆಯನ್ನು ಕಾಯುತ್ತದೆ. ಹಾಗಾಗಿ ಕಾರ್ಬೊರೇಟರ್ ಒಂದನ್ನೇ ತಂದರೆ ಸಾಲದು. ಮ್ಯಾಗ್ನೆಟ್, ಪಲ್ಸರ್ ಕಾಯಿಲ್, ಸಿಡಿಐ, ಅದಕ್ಕೆ ಹೊಂದುವ ವೈರಿಂಗ್, ಸಿಲಿಂಡರ್ ಹೆಡ್ಡಿಗೆ ಸೇರುವ ರಬ್ಬರ್ ಮ್ಯಾನಿಫೋಲ್ಡ್, ಏರ್ ಫಿಲ್ಟರ್ ಡಬ್ಬಿಯ ಮೂತಿ, ಆಕ್ಸಿಲರೇಟರ್ ಕೇಬಲ್ ಎಲ್ಲವೂ ಬದಲಾಗಬೇಕು. ಟ್ಯಾಂಕಿನಿಂದ ಪಂಪ್ ತೆಗೆದರೆ ಅಡಿಯಲ್ಲಿ ದೊಡ್ಡ ತೂತು ಉಳಿಯುತ್ತದೆ, ಅದನ್ನು ಮುಚ್ಚಿ ಪೆಟ್ರೋಲ್ ಟ್ಯಾಪ್ ಕೂರಿಸಬೇಕು. ಕೆಲವು ಗಾಡಿಗಳಲ್ಲಿ ಮೀಟರಿಗೂ ಇಸಿಯುನಿಂದಲೇ ಸುದ್ದಿ ಹೋಗುವುದರಿಂದ ಅದೂ ಪೂರ್ತಿ ಕೆಲಸ ಮಾಡುವುದಿಲ್ಲ. ಹಳೆಯ ಇಸಿಯುವನ್ನು ಸ್ಪಾರ್ಕಿಗಷ್ಟೇ ಉಳಿಸಿಕೊಂಡು ಪೆಟ್ರೋಲನ್ನು ಕಾರ್ಬೊರೇಟರಿಗೆ ಬಿಡುವ ಅರೆಬರೆ ಉಪಾಯವನ್ನೂ ಕೆಲವರು ಮಾಡುತ್ತಾರೆ. ಅದರಲ್ಲಿ ಸೆನ್ಸಾರ್, ವೈರು, ಕಿಲುಬು ಎಲ್ಲ ಹಾಗೇ ಉಳಿಯುತ್ತವೆ. ಯಾವ ಭಯಕ್ಕೆ ಬದಲಿಸಿದರೋ ಆ ಭಯ ಗಾಡಿಯಲ್ಲೇ ಕೂತಿರುತ್ತದೆ.

ಇಷ್ಟೆಲ್ಲ ಮಾಡಿದ ಗಾಡಿ ಮುಂದೆ ಕೆಟ್ಟರೆ ಅದನ್ನು ಸರಿ ಮಾಡಬಲ್ಲವನು ಅದನ್ನು ಕಟ್ಟಿದವನೊಬ್ಬನೇ. ಸುಲಭ ರಿಪೇರಿಗೆಂದು ಹೊರಟವರು ಇದನ್ನು ನಿಂತು ಯೋಚಿಸಬೇಕು. ಮಾರುವಾಗ ಕೊಳ್ಳುವವರೂ ಸಿಗುವುದು ಕಷ್ಟ.

ಇನ್ನು ಇಂಜೆಕ್ಷನ್ ನಿಜವಾಗಿ ಏನು ಕೊಡುತ್ತದೆ ಎಂಬುದನ್ನೂ ನ್ಯಾಯವಾಗಿ ನೋಡೋಣ. ಎತ್ತರ ಏರಿದಂತೆ ಗಾಳಿ ತೆಳುವಾಗುತ್ತದೆ, ಇಂಜೆಕ್ಷನ್ ಅದಕ್ಕೆ ತಕ್ಕಂತೆ ಪೆಟ್ರೋಲ್ ಕಡಿಮೆ ಮಾಡುತ್ತದೆ ಎನ್ನುವುದು ಎಲ್ಲರೂ ಮೊದಲು ಹೇಳುವ ಲಾಭ. ಲಡಾಖಿನ ಕಣಿವೆದಾರಿಗಳಲ್ಲಿ ಇದು ದೊಡ್ಡ ಮಾತು. ಅಲ್ಲಿ ಐದು ಸಾವಿರ ಮೀಟರ್ ದಾಟಿದಾಗ ಕಾರ್ಬೊರೇಟರ್ ಗಾಡಿ ಕಪ್ಪು ಹೊಗೆ ಕಾರುತ್ತ ಏದುಸಿರು ಬಿಡುತ್ತದೆ. ಆದರೆ ಸಕಲೇಶಪುರ ಇರುವುದು ಸಾವಿರ ಮೀಟರಿಗಿಂತ ಸ್ವಲ್ಪ ಕೆಳಗೆ. ಕರಾವಳಿಗೆ ಹೋಲಿಸಿದರೆ ಗಾಳಿ ಹತ್ತರಲ್ಲಿ ಒಂದು ಪಾಲು ತೆಳುವಾಗಿರಬಹುದು. ಸರಿಯಾಗಿ ಟ್ಯೂನ್ ಮಾಡಿದ ಕಾರ್ಬೊರೇಟರ್ ಅದನ್ನು ತಾಳಿಕೊಳ್ಳುತ್ತದೆ. ನಮ್ಮ ತಂದೆ, ಚಿಕ್ಕಪ್ಪಂದಿರು ಯೆಜ್ಡಿ, ಆರ್‌ಎಕ್ಸ್ 100 ಹಿಡಿದು ಶಿರಾಡಿ ಘಾಟಿ ಇಳಿದು ಹತ್ತಿದ್ದು ಯಾವ ಸೆನ್ಸಾರಿನ ನೆರವಿನಿಂದಲೂ ಅಲ್ಲ. ಇಲ್ಲಿ ಎತ್ತರದ ವಾದಕ್ಕೆ ತೂಕ ಕಡಿಮೆ.

ತೂಕವಿರುವುದು ಬೇರೆ ಎರಡು ಸಂಗತಿಗಳಿಗೆ.

ಒಂದು, ಇಳಿಜಾರು. ಬಿಸಿಲೆ ಘಾಟಿಯಲ್ಲಿ ಕುಳ್ಕುಂದದವರೆಗೆ ನೂರಾರು ಮೀಟರ್ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟು ಗಾಡಿಯನ್ನು ಗೇರಿನಲ್ಲೇ ಇಟ್ಟರೆ, ಇಸಿಯು ಹೆಚ್ಚಿನ ಹೊತ್ತು ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತದೆ. ಕಾರ್ಬೊರೇಟರ್ ಹಾಗೆ ನಿಲ್ಲಿಸಲಾರದು. ಸ್ಲೋ ಜೆಟ್ಟಿನಿಂದ ಪೆಟ್ರೋಲ್ ಎಳೆಯುತ್ತಲೇ ಇರುತ್ತದೆ, ಸುಡದೆ ಉಳಿದದ್ದು ಸೈಲೆನ್ಸರಿನಲ್ಲಿ ಪಟಪಟ ಸಿಡಿಯುತ್ತದೆ. ಬಿಎಸ್6 ಸೈಲೆನ್ಸರಿನೊಳಗೆ ಇರುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಈ ಹಸಿ ಪೆಟ್ರೋಲ್ ವಿಷ. ಅದು ಕಾದು ಕೆಂಡವಾಗಿ ಕೊನೆಗೆ ಕರಗಿ ಕಟ್ಟಿಕೊಳ್ಳಬಹುದು.

ಇನ್ನೊಂದು, ಎಥೆನಾಲ್. ಶೇಕಡ 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟದ್ದು 2023ರ ಫೆಬ್ರುವರಿ 6ರಂದು, ನಮ್ಮ ಬೆಂಗಳೂರಿನಲ್ಲೇ. ಈಗ ಬಂಕುಗಳಲ್ಲಿ ಬೇರೆ ಆಯ್ಕೆ ಇಲ್ಲವೆಂದೇ ಹೇಳಬೇಕು. ಶುದ್ಧ ಪೆಟ್ರೋಲಿನ ಒಂದು ಪಾಲಿಗೆ ತೂಕದ ಲೆಕ್ಕದಲ್ಲಿ 14.7 ಪಾಲು ಗಾಳಿ ಬೇಕಾದರೆ, ಇ20ಗೆ ಸುಮಾರು 13.5 ಸಾಕು. ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಕೊಡಬೇಕು. ಸೈಲೆನ್ಸರಿನಲ್ಲಿರುವ ಆಕ್ಸಿಜನ್ ಸೆನ್ಸಾರ್ ಹೊಗೆಯನ್ನು ನೋಡಿ ಇಸಿಯುಗೆ ತಿಳಿಸುತ್ತದೆ, ಇಸಿಯು ತಾನೇ ಸರಿಪಡಿಸಿಕೊಳ್ಳುತ್ತದೆ. ಕಾರ್ಬೊರೇಟರಿಗೆ ಆ ಕಣ್ಣಿಲ್ಲ. ಹತ್ತು ವರ್ಷದ ಹಿಂದಿನ ಪೆಟ್ರೋಲಿಗೆ ಆರಿಸಿದ ಜೆಟ್ಟಿನಲ್ಲಿ ಇ20 ಹರಿದರೆ ಮಿಶ್ರಣ ತೆಳುವಾಗಿ ಇಂಜಿನ್ ಹೆಚ್ಚು ಕಾಯುತ್ತದೆ, ಚಳಿಯ ಬೆಳಿಗ್ಗೆ ಸ್ಟಾರ್ಟಿಂಗ್ ತಕರಾರು ಮಾಡುತ್ತದೆ. ಒಂದು ಸೈಜ್ ದೊಡ್ಡ ಜೆಟ್ ಹಾಕಿ ಇದನ್ನು ಸರಿಮಾಡಬಹುದು. ಆದರೆ ಎಥೆನಾಲ್ ಹಳೆಯ ರಬ್ಬರ್ ಭಾಗಗಳನ್ನು ತಿನ್ನುವುದನ್ನೂ ಗಾಳಿಯ ತೇವವನ್ನು ಹೀರುವುದನ್ನೂ ಜೆಟ್ ತಡೆಯಲಾರದು. ತಿಂಗಳುಗಟ್ಟಲೆ ಮಂಜು ಮಳೆ ಕವಿದಿರುವ ಹೊಂಗಡಹಳ್ಳದಂಥ ಕಡೆ ಗಾಳಿಗೆ ತೆರೆದುಕೊಂಡ ಬೌಲಿನಲ್ಲಿ ನಿಂತ ಪೆಟ್ರೋಲ್ ಬೇಗ ಕೆಡುತ್ತದೆ. ಹೀಗೆ ನಿಲ್ಲಿಸಿಟ್ಟ ಕಾರ್ಬೊರೇಟರ್ ಗಾಡಿಯ ಸ್ಲೋ ಜೆಟ್ ಅಂಟು ಹಿಡಿದು ಕಟ್ಟಿಕೊಳ್ಳುವುದನ್ನು ಇಲ್ಲಿಯ ಮೆಕ್ಯಾನಿಕ್‌ಗಳು ಪ್ರತಿ ಮಳೆಗಾಲದ ಕೊನೆಗೂ ನೋಡುತ್ತಾರೆ. ಹಳೆಯ ಗಾಡಿ ಎಂದೂ ಕೈಕೊಡಲಿಲ್ಲ ಎನ್ನುವವರು ಆ ಬೆಳಗುಗಳನ್ನು ಮರೆತಿರುತ್ತಾರೆ.

ಬಿದ್ದಾಗಿನ ವಿಷಯವನ್ನೂ ಹೇಳಬೇಕು. ಬಹುತೇಕ ಇಂಜೆಕ್ಷನ್ ಗಾಡಿಗಳಲ್ಲಿ ಒಂದು ಸೆನ್ಸಾರ್ ಇದ್ದು, ಗಾಡಿ ಮಗುಚಿದೊಡನೆ ಇಂಜಿನನ್ನೂ ಪಂಪನ್ನೂ ನಿಲ್ಲಿಸುತ್ತದೆ. ಕೆಸರಿನಲ್ಲಿ ಜಾರಿ ಬಿದ್ದವನ ಕಾಲಿನ ಮೇಲೆ ಕಾದ ಇಂಜಿನ್, ಪಕ್ಕದಲ್ಲಿ ಸುರಿಯುವ ಪೆಟ್ರೋಲ್ ಎರಡೂ ಇರುವ ಅಪಾಯ ಇದರಿಂದ ಕಡಿಮೆಯಾಗುತ್ತದೆ. ಎಬ್ಬಿಸಿದ ಮೇಲೆ ಕೀ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಸಾಮಾನ್ಯವಾಗಿ ಸ್ಟಾರ್ಟ್ ಆಗುತ್ತದೆ. ಇದು ಗೊತ್ತಿಲ್ಲದೆ ‘ಸೆನ್ಸಾರ್ ಹೋಯ್ತು’ ಎಂದು ಪಿಕಪ್ ಕರೆಸಿದವರೂ ಇದ್ದಾರೆ. ಗಾಡಿ ಮಾರುವಾಗ ಇದನ್ನು ಹೇಳಿಕೊಡಬೇಕಾದವರು ಹೇಳಿಕೊಡುವುದಿಲ್ಲ, ಅದು ನನಗೆ ಸಿಟ್ಟು ತರಿಸುವ ಸಂಗತಿ.

ಕಾನೂನಿನ ಮಾತು ಚಿಕ್ಕದು, ಆದರೆ ಗಟ್ಟಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಮೊದಲು ಕೊಟ್ಟ ವಿವರಕ್ಕೆ ಆರ್‌ಸಿಯಲ್ಲಿರುವ ವಿವರ ಹೊಂದದಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಕಾನೂನುಬಾಹಿರ ಬದಲಾವಣೆಗೆ ಆರು ತಿಂಗಳವರೆಗೆ ಜೈಲು ಅಥವಾ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ ಅಥವಾ ಎರಡನ್ನೂ ಇಟ್ಟಿತು. ಕೆಎ 46 ನಂಬರಿನ ಹೊಸ ಗಾಡಿಯ ಆರ್‌ಸಿ ಮೇಲೆ ಬಿಎಸ್6 ಎಂದು ಬರೆದಿರುವಾಗ ಅದಕ್ಕೆ ಸಾದಾ ಕಾರ್ಬೊರೇಟರ್ ಕೂರಿಸಿದರೆ ಆ ಬರಹ ಸುಳ್ಳಾಗುತ್ತದೆ. ಕಾಡುದಾರಿಯಲ್ಲಿ ಯಾರು ಹಿಡಿಯುತ್ತಾರೆ ಎನ್ನಬಹುದು. ಅಪಘಾತವಾದ ದಿನ ವಿಮೆ ಕಂಪನಿಯವರು ಗಾಡಿ ನೋಡಲು ಬರುತ್ತಾರೆ, ಆಗ ಪ್ರಶ್ನೆ ಏಳುತ್ತದೆ.

ಹೊಗೆಯ ವಿಷಯದಲ್ಲಿ ಒಂದು ಎದುರುವಾದ ಕೇಳಿದ್ದೇನೆ. ಸುತ್ತ ಇಷ್ಟು ಕಾಡಿದೆ, ಒಂದು ಬೈಕಿನ ಹೊಗೆ ಏನು ಮಾಡೀತು ಎಂದು. ಕಾಡು ಇಲ್ಲಿ ಇಷ್ಟಾದರೂ ಉಳಿದಿದೆ ಎಂದರೆ ಈ ಊರುಗಳ ಜನರ ಪಾಲೂ ಅದರಲ್ಲಿದೆ. ಗುಂಡ್ಯ ಜಲವಿದ್ಯುತ್ ಯೋಜನೆ ಇದೇ ಹೊಂಗಡಹಳ್ಳವನ್ನು ಬೆಟ್ಟಕುಮರಿಯ ಕಡೆ ತಿರುಗಿಸಲು ಹೊರಟಾಗ ಎದ್ದು ನಿಂತ ಜನ ಅವರು. ಅವರ ಮುಂದೆ ನಿಂತು ಹೊಗೆಯ ಪಾಠ ಹೇಳುವ ಹಕ್ಕು ಬೆಂಗಳೂರಿನಲ್ಲಿ ಕೂತವರಿಗಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೂ ಬಿಎಸ್6 ಬೈಕಿಗೆ ಕಿಲೋಮೀಟರಿಗೆ 0.06 ಗ್ರಾಂ ನೈಟ್ರೋಜನ್ ಆಕ್ಸೈಡಿನ ಮಿತಿ ಇದೆ, ಅದನ್ನು ಸಾದಾ ಕಾರ್ಬೊರೇಟರಿನಲ್ಲಿ ಮುಟ್ಟುವುದು ಬಲು ಕಷ್ಟ. ಬಜಾಜ್ ತನ್ನ ಕೆಲವು ಸಣ್ಣ ಗಾಡಿಗಳಲ್ಲಿ ಎಲೆಕ್ಟ್ರಾನಿಕ್ ಕಾರ್ಬೊರೇಟರ್ ಇಟ್ಟುಕೊಂಡೇ ಬಿಎಸ್6 ದಾಟಿತು. ಸುಲಭ ಗಾಡಿ ಬೇಕೇಬೇಕು ಎನ್ನುವವರು ಇದ್ದ ಗಾಡಿಯನ್ನು ಕೊಯ್ಯುವ ಬದಲು ಅಂಥದ್ದನ್ನು ಹುಡುಕಬಹುದು.

ಎರಡೂ ಕಡೆ ತೂಗಿದ ಮೇಲೆ ನನ್ನ ಅಭಿಪ್ರಾಯ ಇದು. ಬಿಡಿಭಾಗವೇ ಸಿಗದ ಹಳೆಯ ಇಂಜೆಕ್ಷನ್ ಗಾಡಿ, ಅದೇ ಮಾದರಿಯ ಕಾರ್ಬೊರೇಟರ್ ರೂಪವೂ ಮಾರುಕಟ್ಟೆಯಲ್ಲಿತ್ತು ಎಂದಾದರೆ ಬದಲಿಸುವುದಕ್ಕೆ ಅರ್ಥವಿದೆ. 2020ರ ನಂತರದ ಗಾಡಿಗೆ ಅದು ದುಡ್ಡು ದಂಡ, ಗಾಡಿಯೂ ಹಾಳು. ಆ ಗಾಡಿಯವರಿಗೆ ಬೇಕಾಗಿರುವುದು ಹತ್ತಿರದಲ್ಲಿ ರಿಪೇರಿ. ಕಾರ್ಬೊರೇಟರ್ ಕೇಳುವ ಬಾಯಿಯಲ್ಲಿ ಅವರು ಕೇಳುತ್ತಿರುವುದೂ ಅದನ್ನೇ.

ಅದು ಆಗದ ಕೆಲಸವೇನಲ್ಲ. ಹೋಂಡಾದ ಹಲವು ಗಾಡಿಗಳಲ್ಲಿ ಸರ್ವಿಸ್ ಕನೆಕ್ಟರಿನ ಎರಡು ಪಿನ್ ಜೋಡಿಸಿ ಕೀ ಆನ್ ಮಾಡಿದರೆ ಹಳದಿ ದೀಪವೇ ಮಿನುಗಿ ತಪ್ಪಿನ ನಂಬರ್ ಹೇಳುತ್ತದೆ. ಉದ್ದದ ಮಿನುಗು ಹತ್ತು, ಚಿಕ್ಕದು ಒಂದು. ಬಿಎಸ್6 ಗಾಡಿಗಳ ಸೀಟಿನಡಿ ಸಾಮಾನ್ಯವಾಗಿ ಆರು ಪಿನ್ನಿನ ಕನೆಕ್ಟರ್ ಇರುತ್ತದೆ. ಅಡಾಪ್ಟರ್ ಕೇಬಲ್ಲು, ಅಗ್ಗದ ಬ್ಲೂಟೂತ್ ಉಪಕರಣ, ಮೊಬೈಲು ಇದ್ದರೆ ಹಲವು ಗಾಡಿಗಳ ಕೋಡು ಮನೆಯ ಅಂಗಳದಲ್ಲೇ ಓದಬಹುದು. ಮಳೆಗಾಲಕ್ಕೆ ಮೊದಲು ಕನೆಕ್ಟರುಗಳನ್ನು ಬಿಚ್ಚಿ ಒರೆಸಿ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಬೇಕು. ಟ್ಯಾಂಕನ್ನು ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡಬಾರದು, ಏಕೆಂದರೆ ಪಂಪು ತಂಪಾಗಿರುವುದು ಪೆಟ್ರೋಲಿನಲ್ಲಿ ಮುಳುಗಿರುವುದರಿಂದಲೇ. ಬಾಟಲಿ ಪೆಟ್ರೋಲ್ ಹಾಕಲೇಬೇಕಾದರೆ ತೆಳು ಬಟ್ಟೆಯಲ್ಲಿ ಸೋಸಿ, ತಳದ ಎರಡು ಬೆರಳಷ್ಟನ್ನು ಬಿಡಬೇಕು. ಜೀಪಿನ ಬ್ಯಾಟರಿಯಿಂದ ಜಂಪ್ ಕೊಡುವ ಕೇಬಲ್ ಒಂದು ಮನೆಯಲ್ಲಿದ್ದರೆ ಒಳ್ಳೆಯದು, ತೋಟದ ಮನೆಗಳಲ್ಲಿ ಜೀಪಿಗೇನೂ ಬರವಿಲ್ಲ.

ಇಷ್ಟು ಸವಾರನ ಕೈಯಲ್ಲಿದೆ, ಉಳಿದದ್ದು ಕಂಪನಿ ಮತ್ತು ಸರ್ಕಾರದ ಕೈಯಲ್ಲಿ. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ‘ರಿಪೇರಿಯ ಹಕ್ಕು’ ಕುರಿತು ಸಮಿತಿ ಮಾಡಿ, ಅದೇ ಡಿಸೆಂಬರಿನಲ್ಲಿ ಪೋರ್ಟಲ್ ತೆರೆಯಿತು. ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಪೋರ್ಟಲ್ಲಿನಲ್ಲಿ ಕೈಪಿಡಿ ಇದ್ದರೆ ಹೆತ್ತೂರಿನ ಮೆಕ್ಯಾನಿಕ್‌ಗೆ ಸಾಲದು. ಇಂಧನದ ಒತ್ತಡ ನೋಡುವ ಒಂದು ಗೇಜು, ಎಲ್ಲ ಕಂಪನಿಯ ಗಾಡಿ ಓದುವ ಒಂದು ಸ್ಕ್ಯಾನರು, ಪಂಪನ್ನು ಪೂರ್ತಿ ಸೆಟ್ಟಾಗಿ ಅಲ್ಲದೆ ಮೋಟಾರು, ಫಿಲ್ಟರು ಎಂದು ಬಿಡಿಬಿಡಿಯಾಗಿ ಕೊಳ್ಳುವ ಅವಕಾಶ, ಕನ್ನಡದಲ್ಲಿ ಬರೆದ ವೈರಿಂಗ್ ಚಾರ್ಟು, ಹಾಸನದ ಐಟಿಐಯಂಥ ಕಡೆ ದುಡಿಯುವ ಮೆಕ್ಯಾನಿಕ್‌ಗಳಿಗೆಂದೇ ಒಂದು ವಾರದ ತರಬೇತಿ ಆತನಿಗೆ ಬೇಕು. ಬೇಸಿಗೆಯಲ್ಲೇ ಇದಾಗಬೇಕು. ಜೂನ್ ಬಂದರೆ ಅಂಗಡಿ ಬಿಟ್ಟು ಬರಲು ಅವನಿಗೆ ಪುರುಸೊತ್ತು ಇರುವುದಿಲ್ಲ.